ಕಂಬಳಿಯ ಅಂಚು, ಒತ್ತಕ್ಷರ, ಪ್ರೆಸ್ಸಿನ ಅಣ್ಣ: ಕಾಲೇಜಿನ ಸಂಗೀತ ಪತ್ರಿಕೆಗೆ ಯಾವ ತಂತ್ರಾಂಶ?

ದಾವಣಗೆರೆಯಲ್ಲಿ ಪದವಿ ಓದುವಾಗ ನಾವು ಐದು ಜನ ಸೇರಿ ಒಂದು ಸಂಗೀತ ಪತ್ರಿಕೆ ಮಾಡಿದೆವು. ವರ್ಷಕ್ಕೊಂದು ಸಂಚಿಕೆ, ಒಟ್ಟು ಮೂರು. ಮೂರನ್ನೂ ಬೇರೆ ಬೇರೆ ತಂತ್ರಾಂಶದಲ್ಲಿ ಮಾಡಿದೆವು. ಬೇಕಂತ ಮಾಡಿದ ಪ್ರಯೋಗ ಅಲ್ಲ ಅದು. ಪ್ರತಿ ಸಲ ಹಿಂದಿನ ಸಲದ ಏಟು ನೆನಪಿರುತ್ತಿತ್ತು, ಹಾಗಾಗಿ ಬೇರೆ ದಾರಿ ಹಿಡಿಯುತ್ತಿದ್ದೆವು. ಈಗ ಜೂನಿಯರ್‌ಗಳು ಫೋನ್ ಮಾಡಿ "ಅಣ್ಣಾ, ಫೋಟೋಶಾಪ್ ಕಲೀಬೇಕಾ, ಕ್ಯಾನ್ವಾ ಸಾಕಾ?" ಅಂತ ಕೇಳುತ್ತಾರೆ. ಮೊದಲನೆಯದು ಫೋಟೋ ತಿದ್ದುವ ತಂತ್ರಾಂಶ, ಎರಡನೆಯದು ರೆಡಿ ಟೆಂಪ್ಲೇಟ್ ಇಟ್ಟುಕೊಂಡು ಆನ್‌ಲೈನ್‌ನಲ್ಲಿ ವಿನ್ಯಾಸ ಮಾಡುವಂಥದ್ದು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಎಂಥ ಪತ್ರಿಕೆ ಅನ್ನೋದು ಮೊದಲು ಗೊತ್ತಿರಲಿ. ಎ4 ಅಳತೆ, 32 ಪುಟ, ಮುಖಪುಟ ಮಲ್ಟಿಕಲರ್, ಒಳಗೆಲ್ಲ ಕಪ್ಪು ಬಿಳುಪು, ನಡುವೆ ಪಿನ್. ವಿಷಯಕ್ಕೆ ನಮ್ಮೂರಿನಲ್ಲಿ ಬರ ಇಲ್ಲ. ಆ ಕಡೆ ಧಾರವಾಡ, ಗದಗದಿಂದ ಹಿಂದೂಸ್ತಾನಿ ಬಂದಿದೆ. ಈ ಕಡೆ ಮೈಸೂರು, ಬೆಂಗಳೂರಿನಿಂದ ಕರ್ನಾಟಕ ಸಂಗೀತ ಬಂದಿದೆ. ಎರಡರ ನಡುವೆ ನಾವು. ಸುತ್ತಲ ಹಳ್ಳಿಗಳಲ್ಲಿ ಡೊಳ್ಳು, ಭಜನೆ, ತತ್ವಪದ. ಚಿಂದೋಡಿ ಮನೆತನದ ನಾಟಕ ಕಂಪನಿಯ ಊರು ಇದು, ಹಾಗಾಗಿ ರಂಗಗೀತೆ ಹಾಡುವ ಹಿರಿಯರು ಈಗಲೂ ಸಿಗುತ್ತಾರೆ. ಗಣೇಶನ ಹಬ್ಬ ಬಂದರೆ ಓಣಿಗೊಂದು ಆರ್ಕೆಸ್ಟ್ರಾ. ಅಂದರೆ ನಮ್ಮ ಫೋಟೋಗಳಲ್ಲಿ ಕಂಬಳಿ, ಭಂಡಾರ, ಹಾರ್ಮೋನಿಯಂ, ಕೆಂಪು ಸ್ಟೇಜ್ ಲೈಟು ಎಲ್ಲಾ ಇತ್ತು. ತಂತ್ರಾಂಶದ ಪರೀಕ್ಷೆ ಆದದ್ದು ಇವುಗಳ ಮೇಲೆಯೇ.

ಕಂಬಳಿಯ ಪರೀಕ್ಷೆ

ಮೊದಲ ಸಂಚಿಕೆಯ ಮುಖಪುಟಕ್ಕೆ ಒಬ್ಬ ಡೊಳ್ಳಿನ ಕಲಾವಿದರ ಫೋಟೋ ತೆಗೆದಿದ್ದೆವು. ಹೆಗಲ ಮೇಲೆ ಚಳ್ಳಕೆರೆ ಕಡೆಯ ಕರಿ ಕಂಬಳಿ. ಹಿಂದೆ ಸಂಜೆಗತ್ತಲಿನ ಬೇವಿನ ಮರ. ಮರ ತೆಗೆದು ಅಚ್ಚ ಹಳದಿ ಹಿನ್ನೆಲೆ ಹಾಕಬೇಕು ಅಂತ ನಮ್ಮ ಆಸೆ. ಆಗ ಗೊತ್ತಾಯಿತು, ಕಂಬಳಿಗೆ ಅಂಚೇ ಇಲ್ಲ. ದೂರದಿಂದ ಗೆರೆ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಸಾವಿರ ಉಣ್ಣೆ ಎಳೆ. ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಟ್ ಮಾಡಿದರೆ ಮನುಷ್ಯ ರಟ್ಟಿನ ಬೊಂಬೆ ಆಗಿಬಿಡುತ್ತಾನೆ.

ಇದೇ ಫೋಟೋವನ್ನು ಆಮೇಲೆ ಎಲ್ಲದರಲ್ಲೂ ಹಾಕಿ ನೋಡಿದೆ. ಫೋಟೋಶಾಪಿನ ಸೆಲೆಕ್ಟ್ ಅಂಡ್ ಮಾಸ್ಕ್ ಮುಂದೆ ಉಳಿದವು ಸ್ವಲ್ಪ ಮಂಕೇ. ಅಂಚಿನ ಮೇಲೆ ಬ್ರಷ್ ಎಳೆದರೆ ಎಳೆ ಎಳೆಯಾಗಿ ಹುಡುಕಿ ಕೊಡುತ್ತದೆ. ಕಪ್ಪಿನ ಮೇಲೆ ಕಪ್ಪು ಇರುವ ಕಡೆ ಮಾತ್ರ ಅದೂ ಸೋಲುತ್ತದೆ, ಅಲ್ಲಿ ಕೈಯಿಂದಲೇ ಬಿಡಿಸಬೇಕು. ಗಿಂಪ್ ಅನ್ನೋ ಪುಕ್ಕಟೆ ಫೋಟೋ ತಂತ್ರಾಂಶದಲ್ಲಿ ಫೋರ್‌ಗ್ರೌಂಡ್ ಸೆಲೆಕ್ಟ್ ಅನ್ನೋದಿದೆ. ಕೆಲಸ ಆಗುತ್ತದೆ, ಆದರೆ ತಾಳ್ಮೆ ಬೇಕು. ಫೋಟೋಶಾಪಿನಲ್ಲಿ ಅರ್ಧ ಗಂಟೆಗೆ ಆದದ್ದು ಅಲ್ಲಿ ಒಂದು ಸಂಜೆ ತಿಂದಿತು. ಫೋಟೋಪಿಯಾ ಎರಡರ ನಡುವೆ. ಅದು ಬ್ರೌಸರ್‌ನಲ್ಲೇ ನಡೆಯುತ್ತದೆ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ನೋಡಲಿಕ್ಕೆ ಫೋಟೋಶಾಪಿನ ತಮ್ಮನ ಹಾಗೇ ಇದೆ, ಅದರ ಪಿಎಸ್‌ಡಿ ಫೈಲನ್ನೂ ತೆರೆಯುತ್ತದೆ. ನಿಮ್ಮ ಫೋಟೋ ಅವರ ಸರ್ವರ್‌ಗೆ ಹೋಗುವುದಿಲ್ಲ, ನಿಮ್ಮ ಕಂಪ್ಯೂಟರ್‌ನಲ್ಲೇ ಕೆಲಸ ಆಗುತ್ತದೆ. ಪಕ್ಕದಲ್ಲಿ ಜಾಹೀರಾತು ಕುಣಿಯುತ್ತಿರುತ್ತವೆ, ಅಷ್ಟು ಸಹಿಸಿಕೊಳ್ಳಿ. ಕ್ಯಾನ್ವಾದಲ್ಲಿ ಹಿನ್ನೆಲೆ ತೆಗೆಯುವ ಬಟನ್ ದುಡ್ಡು ಕೊಟ್ಟವರಿಗೆ ಮಾತ್ರ. ಗೆಳತಿಯೊಬ್ಬಳ ಅಕೌಂಟಿನಲ್ಲಿ ಒತ್ತಿ ನೋಡಿದೆವು. ಒಂದೇ ಏಟಿಗೆ ಮರ ಹೋಯಿತು. ಜೊತೆಗೆ ಕಂಬಳಿಯ ಉಣ್ಣೆಯೂ ಹೋಯಿತು, ಡೊಳ್ಳಿನ ಗೊಂಡೆಯೂ ಹೋಯಿತು.

ಕಡೆಗೆ ನಾವು ಏನು ಮಾಡಿದೆವು ಗೊತ್ತಾ? ಎರಡನೇ ಸಲ ಅವರ ಊರಿಗೆ ಹೋದಾಗ ಸುಣ್ಣ ಹೊಡೆದ ಗೋಡೆ ಮುಂದೆ ನಿಲ್ಲಿಸಿ ಫೋಟೋ ತೆಗೆದೆವು. ಬಿಳಿ ಗೋಡೆ, ಕರಿ ಕಂಬಳಿ. ಯಾವ ತಂತ್ರಾಂಶದಲ್ಲಾದರೂ ಐದು ನಿಮಿಷದ ಕೆಲಸ. ತಂತ್ರಾಂಶ ಆರಿಸುವ ಮೊದಲು ಗೋಡೆ ಆರಿಸಿ ಅಂತ ನಾನು ಹೇಳುವುದು ಇದಕ್ಕೇ.

ಹಳದಿ, ವಿಭೂತಿ, ಕೆಂಪು ಲೈಟು

ಇಲ್ಲಿ ತಂತ್ರಾಂಶಗಳ ನಡುವೆ ವ್ಯತ್ಯಾಸ ಕಡಿಮೆ. ಆದರೆ ನಾವು ಜಾಸ್ತಿ ಕೆಟ್ಟದ್ದು ಇಲ್ಲೇ, ಅದಕ್ಕೆ ಸ್ವಲ್ಪ ನಿಲ್ಲುತ್ತೇನೆ.

ಡೊಳ್ಳಿನವರ ಹಣೆ ಮೇಲೆ, ಡೊಳ್ಳಿನ ಮೇಲೆ ಭಂಡಾರ ಇರುತ್ತದೆ. ಅಚ್ಚ ಅರಿಶಿನ. ಆಟೋ ಕಲರ್ ಒತ್ತಿದಿರೋ, ತಂತ್ರಾಂಶಕ್ಕೆ ಅದು ತಪ್ಪು ಬಣ್ಣದ ಹಾಗೆ ಕಾಣುತ್ತದೆ. ಫೋಟೋದಲ್ಲಿ ಹಳದಿ ಜಾಸ್ತಿ ಆಯ್ತು ಅಂದುಕೊಂಡು ನೀಲಿ ಸೇರಿಸಿ ಸಮ ಮಾಡುತ್ತದೆ. ಭಂಡಾರ ಹೋಗಿ ಬೂದಿ ಆಗುತ್ತದೆ. ಇದು ಫೋಟೋಶಾಪಿನಲ್ಲೂ ಅಷ್ಟೇ, ಗಿಂಪ್‌ನಲ್ಲೂ ಅಷ್ಟೇ. ಭಂಡಾರ, ಕುಂಕುಮ ಇರುವ ಫೋಟೋಗೆ ಆಟೋ ಬಟನ್ ಮುಟ್ಟಬೇಡಿ. ಕರ್ವ್ಸ್ ತೆಗೆದುಕೊಂಡು ಬೆಳಕು ನೆರಳು ಮಾತ್ರ ಸರಿ ಮಾಡಿ.

ಇನ್ನೊಂದು ತಮಾಷೆ. ನಮ್ಮ ಗೆಳೆಯನಿಗೆ ಹೀಲಿಂಗ್ ಬ್ರಷ್ ಹುಚ್ಚು ಹಿಡಿದಿತ್ತು. ಮೊಡವೆ, ಸುಕ್ಕು ಏನು ಕಂಡರೂ ಉಜ್ಜುತ್ತಿದ್ದ. ಒಬ್ಬ ಹಿರಿಯ ಭಜನೆ ಗಾಯಕರ ಫೋಟೋದಲ್ಲಿ ಹಣೆಯ ಸುಕ್ಕಿನ ಜೊತೆ ವಿಭೂತಿಯ ಮೂರು ಗೆರೆಯನ್ನೂ ಉಜ್ಜಿಬಿಟ್ಟ. ಪುಸ್ತಕ ಕೊಡಲು ಹೋದಾಗ ಅವರು ಫೋಟೋ ನೋಡಿ ಸುಮ್ಮನೆ ಹಣೆ ಮುಟ್ಟಿಕೊಂಡರು. "ನನ್ ವಿಭೂತಿ ಎಲ್ಲಿ ಹೋತಪ್ಪಾ?" ಅಂದರು. ಬೈದಿದ್ದರೂ ಅಷ್ಟು ನಾಚಿಕೆ ಆಗುತ್ತಿರಲಿಲ್ಲ. ಅಂದಿನಿಂದ ನಮ್ಮ ನಿಯಮ ಇಷ್ಟು: ಮೈಕಿನ ವೈರು, ಹಿಂದೆ ನಿಂತವರ ಕೈಚೀಲ ಅಳಿಸಬಹುದು. ಮುಖ, ಕೈ, ವಾದ್ಯ ಮುಟ್ಟುವಂತಿಲ್ಲ. ತಬಲಾ ಬಾರಿಸುವವರ ಬೆರಳಿನ ಗಟ್ಟಿ ಚರ್ಮ ಕಾಣಲಿ ಬಿಡಿ.

ಫೋಟೋಶಾಪಿನಲ್ಲಿ 2023ರಿಂದ ಜನರೇಟಿವ್ ಫಿಲ್ ಇದೆ. ಫೋಟೋದಲ್ಲಿ ಇಲ್ಲದ ಭಾಗವನ್ನು ಅದೇ ಊಹಿಸಿ ತುಂಬುತ್ತದೆ. ಅರ್ಧ ಕಟ್ ಆಗಿದ್ದ ಹಾರ್ಮೋನಿಯಂ ಪೂರ್ತಿ ಮಾಡಲು ಹೇಳಿದೆವು. ನೋಡಲಿಕ್ಕೆ ಚೆನ್ನಾಗಿಯೇ ಬಂತು. ಹಾರ್ಮೋನಿಯಂ ಕಲಿಯುವ ಹುಡುಗಿ ಒಂದು ನೋಟಕ್ಕೆ ಹಿಡಿದಳು. ಕಪ್ಪು ಮನೆಗಳು ಎರಡು, ಮೂರು, ಎರಡು, ಮೂರು ಅಂತ ಗುಂಪಾಗಿ ಬರಬೇಕು. ಅದು ಸಾಲಾಗಿ ಒಂದೇ ಸಮ ಜೋಡಿಸಿತ್ತು. ಸಂಗೀತ ಪತ್ರಿಕೆಯಲ್ಲಿ ಇಂಥ ವಾದ್ಯ ಅಚ್ಚಾದರೆ ಮುಗೀತು. ಹಿನ್ನೆಲೆಯ ಆಕಾಶ, ಗೋಡೆಗೆ ಬೇಕಾದರೆ ಬಳಸಿ.

ಕೆಂಪು ಎಲ್‌ಇಡಿ ಲೈಟಿನ ಫೋಟೋಗೆ ಒಂದು ಉಪಾಯ ಇದೆ, ಪುಕ್ಕಟೆ ತಂತ್ರಾಂಶದಲ್ಲೂ ಆಗುತ್ತದೆ. ಅಂಥ ಫೋಟೋದಲ್ಲಿ ಗಾಯಕರ ಮುಖ ಒಂದು ಕೆಂಪು ಮುದ್ದೆ, ಕಣ್ಣು ಮೂಗು ಕಾಣುವುದಿಲ್ಲ. ಬಣ್ಣದ ಫೋಟೋ ಅಂದರೆ ಕೆಂಪು, ಹಸಿರು, ನೀಲಿ ಅಂತ ಮೂರು ಪದರ, ಅದಕ್ಕೆ ಚಾನೆಲ್ ಅನ್ನುತ್ತಾರೆ. ಕೆಂಪು ಚಾನೆಲ್ ತುಂಬಿ ಹರಿದಿರುತ್ತದೆ, ಆದರೆ ಹಸಿರು ಚಾನೆಲ್‌ನಲ್ಲಿ ಮುಖದ ವಿವರ ಉಳಿದಿರುತ್ತದೆ. ಚಾನೆಲ್ ಮಿಕ್ಸರ್ ತೆರೆದು, ಬರೀ ಹಸಿರು ಇಟ್ಟು ಕಪ್ಪು ಬಿಳುಪು ಮಾಡಿ. ಸ್ವಲ್ಪ ಮರಳು ಮರಳಾಗಿ ಬರುತ್ತದೆ, ಪರವಾಗಿಲ್ಲ. ನಮ್ಮ ಒಳಪುಟ ಹೇಗೂ ಕಪ್ಪು ಬಿಳುಪು. ಆರ್ಕೆಸ್ಟ್ರಾ ಲೇಖನದ ಆರು ಫೋಟೋ ಹೀಗೇ ಬದುಕಿದವು. ಇದನ್ನು ಪೂರ್ತಿ ಗಿಂಪ್‌ನಲ್ಲೇ ಮಾಡಿದ್ದು.

ಅಳತೆಯ ಲೆಕ್ಕ ಒಂದೇ ಸಲ ಹೇಳಿ ಮುಗಿಸುತ್ತೇನೆ. ಎ4 ಅಂದರೆ 210 × 297 ಮಿಲಿಮೀಟರ್. ಕಟಿಂಗ್‌ಗೆ ಅಂತ ನಾಲ್ಕೂ ಕಡೆ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು, ಬಿಟ್ಟರೆ 216 × 303. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 2551 × 3579 ಪಿಕ್ಸೆಲ್ ಬೇಕು. ಮೊಬೈಲಿನ 12 ಮೆಗಾಪಿಕ್ಸೆಲ್ ಫೋಟೋ 3000 × 4000 ಇರುತ್ತದೆ, ಮುಖಪುಟಕ್ಕೆ ಸಾಕು. ಅದನ್ನೇ ವಾಟ್ಸಾಪ್‌ನಲ್ಲಿ ಮಾಮೂಲಾಗಿ ಕಳಿಸಿದರೆ ಕುಗ್ಗಿ 1600 × 1200ರ ಆಸುಪಾಸಿಗೆ ಬರುತ್ತದೆ, ಪೋಸ್ಟ್ ಕಾರ್ಡ್ ಅಳತೆಗೆ ಮಾತ್ರ ಲಾಯಕ್ಕು. ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ.

ಒತ್ತಕ್ಷರದ ಪರೀಕ್ಷೆ

ನನ್ನ ಮಟ್ಟಿಗೆ ತಂತ್ರಾಂಶ ಆರಿಸುವುದು ಇಲ್ಲಿ ತೀರ್ಮಾನ ಆಗುತ್ತದೆ. ಇಂಗ್ಲಿಷಿನಲ್ಲಿ ಕಲಿಸುವ ವಿಡಿಯೋಗಳಲ್ಲಿ ಈ ಮಾತೇ ಬರುವುದಿಲ್ಲ, ಅವರಿಗೆ ಒತ್ತು ಇಲ್ಲವಲ್ಲ.

ಯಾವುದೇ ತಂತ್ರಾಂಶ ತೆರೆದ ಕೂಡಲೇ ಈ ಸಾಲು ಟೈಪ್ ಮಾಡಿ: "ಶಾಸ್ತ್ರೀಯ ಸಂಗೀತ, ಕೀರ್ತನೆ, ಮೃದಂಗ, ಡೊಳ್ಳು." ಶಾಸ್ತ್ರೀಯದಲ್ಲಿ ಎರಡು ಒತ್ತು ಒಂದರ ಬೆನ್ನಿಗೊಂದು ಬರುತ್ತವೆ. ಕೀರ್ತನೆಯಲ್ಲಿ ಅರ್ಕಾವತ್ತು ಇದೆ. ಮೃದಂಗದಲ್ಲಿ ವಟ್ರಸುಳಿ. ಡೊಳ್ಳಿನಲ್ಲಿ ಕೊಂಬು, ಒತ್ತು ಎರಡೂ. ನಾಲ್ಕೂ ಪದ ಸರಿಯಾಗಿ ಕಂಡರೆ ಮುಂದುವರಿಯಿರಿ. ಅಕ್ಷರ ಬಿಡಿ ಬಿಡಿಯಾಗಿ, ತಲೆ ಮೇಲೆ ಅರ್ಧಾಕ್ಷರದ ಕೊಕ್ಕೆ ಹಾಕಿಕೊಂಡು ನಿಂತಿದ್ದರೆ ಅಲ್ಲೇ ನಿಲ್ಲಿಸಿ.

ಗಿಂಪ್ ಇದರಲ್ಲಿ ಪಾಸ್, ಏನೂ ಸೆಟಿಂಗ್ ಬೇಡ. ಫೋಟೋಶಾಪ್ ಒಂದು ಷರತ್ತಿನ ಮೇಲೆ ಪಾಸ್. ಹಳೆಯ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್ ಒಳಗೆ ಟೈಪ್ ಅನ್ನೋ ಕಡೆ ಹೋಗಿ "ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್" ಆರಿಸಬೇಕು. ಆಮೇಲೆ ಹೊಸ ಫೈಲ್ ತೆರೆಯಬೇಕು. ಹೊಸ ಆವೃತ್ತಿಯಲ್ಲಿ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ವರ್ಲ್ಡ್-ರೆಡಿ ಅಂತ ಇರುತ್ತದೆ. ಇದು ಗೊತ್ತಿಲ್ಲದೆ ಮೊದಲ ವರ್ಷ ನಾವು ಒಂದು ವಾರ ಒದ್ದಾಡಿದೆವು. "ಯೂನಿಕೋಡ್ ಫೋಟೋಶಾಪ್‌ನಲ್ಲಿ ಬರಲ್ಲ" ಅಂತ ಯಾರೋ ಹೇಳಿದ್ದನ್ನು ನಂಬಿ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿಗೆ ಹೋದೆವು. ಯೂನಿಕೋಡ್ ಅಂದರೆ ಕನ್ನಡದ ಅಕ್ಷರಕ್ಕೆ ಕನ್ನಡದ್ದೇ ಸಂಕೇತ ಕೊಡುವ ಪದ್ಧತಿ, ಮೊಬೈಲಿನಲ್ಲಿ ನಾವು ಟೈಪ್ ಮಾಡುವುದು ಅದರಲ್ಲೇ.

ಆಸ್ಕಿ ಫಾಂಟು ಎಲ್ಲ ಕಡೆ ಕೆಲಸ ಮಾಡುತ್ತದೆ, ಅದು ನಿಜ. ಯಾಕೆಂದರೆ ಕಂಪ್ಯೂಟರ್ ಅದನ್ನು ಇಂಗ್ಲಿಷ್ ಅಂತಲೇ ತಿಳಿದುಕೊಂಡಿರುತ್ತದೆ. ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಕ್ಕೆ ಮೀಸೆ ಗಡ್ಡ ಬರೆದ ಹಾಗೆ ಏನೇನೋ ಕಾಣುತ್ತದೆ. ಶೀರ್ಷಿಕೆ ಅಗಲ ಮಾಡೋಣ ಅಂತ ಅಕ್ಷರಗಳ ನಡುವೆ ಜಾಗ ಕೊಟ್ಟರೆ ಒತ್ತು ತನ್ನ ಅಕ್ಷರ ಬಿಟ್ಟು ಪಕ್ಕದ ಮನೆಗೆ ಹೋಗುತ್ತದೆ. ಎಲ್ಲಕ್ಕಿಂತ ಬೇಸರ ಅಂದರೆ, ಮುಂದೆ ಆ ಲೇಖನವನ್ನು ಇಂಟರ್‌ನೆಟ್‌ಗೆ ಹಾಕಬೇಕು ಅಂದರೆ ಹುಡುಕಿದರೂ ಸಿಗುವುದಿಲ್ಲ. ಯೂನಿಕೋಡಿಗೆ ಬದಲಿಸಲು ಸಲಕರಣೆ ಇವೆ, ಆದರೆ ಬದಲಿಸಿದ ಮೇಲೆ ಮತ್ತೆ ಒಂದು ಸಲ ಪೂರ್ತಿ ಓದಲೇಬೇಕು.

ಫಾಂಟಿನ ವಿಷಯ ಬಂತು, ಒಂದು ಮಾತು. ಗೂಗಲ್ ಫಾಂಟ್ಸ್‌ನಲ್ಲಿ ಕನ್ನಡಕ್ಕೆ ಪುಕ್ಕಟೆ ಯೂನಿಕೋಡ್ ಫಾಂಟುಗಳು ಈಗ ಚೆನ್ನಾಗಿವೆ. ಓದುವ ಪಠ್ಯಕ್ಕೆ ನೋಟೋ ಸೆರಿಫ್ ಕನ್ನಡ ಇಲ್ಲವೇ ಟಿರೋ ಕನ್ನಡ. ಶೀರ್ಷಿಕೆಗೆ ಬಾಲೂ ತಮ್ಮ, ಅನೇಕ್ ಕನ್ನಡ. ಅನೇಕ್‌ನಲ್ಲಿ ತೆಳು ದಪ್ಪ, ಅಗಲ ಕಿರಿದು ಎಲ್ಲಾ ಇದೆ, ಹಾಗಾಗಿ ಜಾಗಕ್ಕೆ ತಕ್ಕಂತೆ ಎಳೆಯಬಹುದು. ಬೆಣ್ಣೆ ಅಂತಲೂ ಒಂದು ಫಾಂಟ್ ಇದೆ. ದಾವಣಗೆರೆಯವರಾಗಿ ಅದನ್ನು ಬಳಸದೆ ಇರೋದು ಹೇಗೆ? ದೋಸೆ ಅಂಗಡಿಗಳ ಮೇಲಿನ ಲೇಖನಕ್ಕೆ ಬಳಸಿದೆವು. ಸಂಗೀತ ಪತ್ರಿಕೆಯಲ್ಲಿ ದೋಸೆ ಲೇಖನ ಯಾಕೆ ಅಂದರೆ, ಹಳೆಯ ರಂಗಗೀತೆ ಹಾಡುವವರ ಸಂದರ್ಶನ ನಡೆದದ್ದು ಅಲ್ಲೇ.

ಪುಟ ಕಟ್ಟುವ ಕೆಲಸ

ಈಗ ನಮ್ಮ ದೊಡ್ಡ ತಪ್ಪಿಗೆ ಬರುತ್ತೇನೆ. ಮೊದಲ ಸಂಚಿಕೆಯ 32 ಪುಟವನ್ನೂ ಫೋಟೋಶಾಪಿನಲ್ಲೇ ಮಾಡಿದೆವು. ಪುಟಕ್ಕೊಂದು ಫೈಲ್.

ಲೆಕ್ಕ ಹಾಕಿ ನೋಡಿ. 300ರ ಲೆಕ್ಕದಲ್ಲಿ ಎ4 ಅಂದರೆ 2480 × 3508 ಪಿಕ್ಸೆಲ್. ಪಿಕ್ಸೆಲ್‌ಗೆ ಮೂರು ಬೈಟ್ ಅಂದರೂ ಪುಟ ತುಂಬಿದ ಒಂದು ಲೇಯರ್‌ಗೆ (ಒಂದರ ಮೇಲೊಂದು ಇಡುವ ಪದರಕ್ಕೆ) 26 ಎಂಬಿ. ಅಂಥ ಹತ್ತು ಲೇಯರ್ ಆದರೆ 260. ನಮ್ಮ ಲ್ಯಾಬಿನ 4 ಜಿಬಿ ಕಂಪ್ಯೂಟರ್ ಒಂದು ಪುಟ ತೆರೆದರೆ ಉಸಿರು ಬಿಡುತ್ತಿತ್ತು. ಅದು ಬಿಡಿ. ಐದನೇ ಪುಟದಲ್ಲಿ ಒಂದು ಪ್ಯಾರಾ ಸೇರಿಸಿದರೆ ಮಿಕ್ಕ ಸಾಲುಗಳು ತಾವಾಗಿ ಆರನೇ ಪುಟಕ್ಕೆ ಹೋಗುವುದಿಲ್ಲ. ಕತ್ತರಿಸಿ, ಆ ಫೈಲ್ ಮುಚ್ಚಿ, ಈ ಫೈಲ್ ತೆರೆದು, ಅಂಟಿಸಬೇಕು. ಲೇಖಕರೊಬ್ಬರು ಕೊನೆ ಗಳಿಗೆಯಲ್ಲಿ ಒಂದು ಸಾಲು ಬದಲಿಸಿದರು ಅಂತ ಮೂವರು ರಾತ್ರಿ ಎರಡರ ತನಕ ಕೂತಿದ್ದೆವು.

ಎಲ್ಲಾ ಜೆಪೆಗ್ ಮಾಡಿ ಪೆನ್‌ಡ್ರೈವ್‌ನಲ್ಲಿ ಪ್ರೆಸ್ಸಿಗೆ ಒಯ್ದೆವು. ಡಿಟಿಪಿ ಮಾಡುವ ಅಣ್ಣ ಹಿಗ್ಗಿಸಿ ನೋಡಿ ಹೇಳಿದರು: "ಇದ್ರಾಗೆ ಅಕ್ಷರಾನೇ ಇಲ್ಲಲ್ಲಪ್ಪಾ, ಬರೀ ಫೋಟೋ ಐತಿ."

ಆ ಮಾತಿನ ಅರ್ಥ ಅಚ್ಚಾಗಿ ಬಂದ ಮೇಲೆ ಗೊತ್ತಾಯಿತು. ಜೆಪೆಗ್ ಮಾಡಿದಾಗ ಅಕ್ಷರವೂ ಪಿಕ್ಸೆಲ್ ಆಗುತ್ತದೆ, ಅಂಚು ಮಸುಕಾಗುತ್ತದೆ. ದೊಡ್ಡ ಶೀರ್ಷಿಕೆಯಲ್ಲಿ ಗೊತ್ತಾಗುವುದಿಲ್ಲ. 10 ಪಾಯಿಂಟಿನ ಪಠ್ಯದಲ್ಲಿ ಒತ್ತುಗಳು ಅದಕ್ಕಿಂತ ಸಣ್ಣವು. ಅವುಗಳ ಒಳಗಿನ ಬಿಳಿ ಜಾಗ ತುಂಬಿಕೊಂಡು ಚುಕ್ಕೆ ಆಗಿದ್ದವು. ಮುಖಪುಟದ ಹಿಂಬದಿಯಲ್ಲಿ ಸಂಪಾದಕೀಯ ಇತ್ತು, ಅದು ಮಲ್ಟಿಕಲರ್ ಹಾಳೆ. ಆರ್‌ಜಿಬಿ, ಅಂದರೆ ಪರದೆಯ ಕೆಂಪು ಹಸಿರು ನೀಲಿ ಲೆಕ್ಕದ, ಕಪ್ಪು ಅಚ್ಚಿಗೆ ಹೋಗುವಾಗ ನಾಲ್ಕೂ ಶಾಯಿ ಸೇರಿದ ಕಪ್ಪಾಗುತ್ತದೆ. ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಪ್ರತಿ ಅಕ್ಷರದ ಪಕ್ಕ ಗುಲಾಬಿ, ನೀಲಿ ನೆರಳು. ನಮ್ಮ ಸಂಪಾದಕೀಯ ಓದಿದವರಿಗೆ ಕಣ್ಣು ಮಂಜಾಗಿತ್ತು. ತಪ್ಪು ಪ್ರೆಸ್ಸಿನದ್ದಲ್ಲ, ನಮ್ಮದೇ. ಪಠ್ಯದ ಕಪ್ಪು ಯಾವಾಗಲೂ ಬರೀ ಕಪ್ಪು ಶಾಯಿ ಆಗಿರಬೇಕು, ಮತ್ತು ಅಕ್ಷರ ಅಕ್ಷರವಾಗಿಯೇ ಪಿಡಿಎಫ್‌ಗೆ ಹೋಗಬೇಕು.

ಫೋಟೋಶಾಪ್ ಬಂದದ್ದು 1990ರಲ್ಲಿ. ಫೋಟೋದ ಅಂಗಡಿ ಅಂತ ಹೆಸರಲ್ಲೇ ಇದೆ. ಪುಟ ಕಟ್ಟಲಿಕ್ಕೆ ಅದೇ ಕಂಪನಿ 1999ರಲ್ಲಿ ಇನ್‌ಡಿಸೈನ್ ಅಂತ ಬೇರೆಯದೇ ತಂದಿದೆ. ಒಂದರಲ್ಲೇ ಎರಡೂ ಆಗುವಂತಿದ್ದರೆ ಬೇರೆ ಯಾಕೆ ಮಾರುತ್ತಿದ್ದರು, ಅಲ್ವಾ? ನಮಗೆ ಇಷ್ಟು ಸಣ್ಣ ಮಾತು ಹೊಳೆಯಲಿಲ್ಲ.

ಎರಡನೇ ವರ್ಷ ಕ್ಯಾನ್ವಾ. ಅದರ ಒಳ್ಳೆಯದನ್ನು ಮೊದಲು ಹೇಳಬೇಕು. ಐದೂ ಜನ ಅವರವರ ಮನೆಯಿಂದ, ಮೊಬೈಲಿನಿಂದ ಕೂಡ, ಒಂದೇ ಫೈಲಿನಲ್ಲಿ ಕೆಲಸ ಮಾಡಬಹುದು. ಪ್ರೂಫ್ ನೋಡುವುದು ಇಷ್ಟು ಸಲೀಸಾಗಿ ಬೇರೆ ಯಾವುದರಲ್ಲೂ ಆಗಲಿಲ್ಲ. ಲ್ಯಾಬಿಗೆ ಕಾಯಬೇಕಿಲ್ಲ. ಪುಕ್ಕಟೆ ಅಕೌಂಟಿನಿಂದಲೇ ಬ್ಲೀಡ್, ಕಟಿಂಗ್ ಗುರುತು ಸಮೇತ ಪ್ರಿಂಟ್ ಪಿಡಿಎಫ್ ಸಿಗುತ್ತದೆ.

ತೊಂದರೆ ಬೇರೆ ಕಡೆ ಇದೆ. ಮ್ಯೂಸಿಕ್ ಮ್ಯಾಗಜಿನ್ ಅಂತ ಹುಡುಕಿದರೆ ಬರುವ ಟೆಂಪ್ಲೇಟ್ ಎಲ್ಲಾ ಗಿಟಾರ್, ಹೆಡ್‌ಫೋನ್, ನಿಯಾನ್ ದೀಪ. ಅದರೊಳಗೆ ನಮ್ಮ ತತ್ವಪದದ ಅಜ್ಜನನ್ನು ಕೂರಿಸಿದರೆ ಮದುವೆಮನೆಗೆ ದಾರಿ ತಪ್ಪಿ ಬಂದವರ ಹಾಗೆ ಕಾಣುತ್ತಿದ್ದರು. ಟೆಂಪ್ಲೇಟ್‌ನ ಶೀರ್ಷಿಕೆ ಡಬ್ಬಿಗಳು ಮೂರು ನಾಲ್ಕು ಅಕ್ಷರದ ಇಂಗ್ಲಿಷ್ ಪದಕ್ಕೆ ಅಂತ ಮಾಡಿದ್ದು. ಕನ್ನಡದ ಪದ ಉದ್ದ, ಮೇಲೆ ಗುಣಿತ, ಕೆಳಗೆ ಒತ್ತು. ಒಂದು ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತಿತ್ತು. ಪರದೆ ಮೇಲೆ ಹೊಳೆಯುತ್ತಿದ್ದ ನೇರಳೆ ಬಣ್ಣ ಅಚ್ಚಿನಲ್ಲಿ ಹಳೆ ಬದನೆಕಾಯಿ ಆಯಿತು, ಅಷ್ಟು ಹೊಳಪಿನ ಬಣ್ಣ ನಾಲ್ಕು ಶಾಯಿಯಲ್ಲಿ ಬರುವುದೇ ಇಲ್ಲ. ಸಿಎಂವೈಕೆ, ಅಂದರೆ ಅಚ್ಚಿನ ಆ ನಾಲ್ಕು ಶಾಯಿಯ ಲೆಕ್ಕದ, ಬಣ್ಣದ ಪಿಡಿಎಫ್ ಬೇಕು ಅಂದರೆ ಅಲ್ಲೂ ದುಡ್ಡು ಕೊಡಬೇಕು. ನಾನು ಈಗಲೂ ಕ್ಯಾನ್ವಾ ಬಳಸುತ್ತೇನೆ, ಬಿಡುಗಡೆಯ ಆಹ್ವಾನಕ್ಕೆ, ಸ್ಟೇಟಸ್‌ಗೆ ಹಾಕುವ ಪೋಸ್ಟರಿಗೆ. ಪತ್ರಿಕೆಗೆ ಬೇಡ.

ಮೂರನೇ ವರ್ಷ ಬುದ್ಧಿ ಬಂತು. ಫೋಟೋ ಎಲ್ಲಾ ಗಿಂಪ್‌ನಲ್ಲಿ, ಪುಟ ಎಲ್ಲಾ ಸ್ಕ್ರೈಬಸ್‌ನಲ್ಲಿ. ಎರಡೂ ಪುಕ್ಕಟೆ. ಸ್ಕ್ರೈಬಸ್ ತೆಗೆದುಕೊಳ್ಳುವುದಾದರೆ 2024ರಲ್ಲಿ ಬಂದ 1.6 ಇಲ್ಲವೇ ಅದಕ್ಕಿಂತ ಹೊಸದನ್ನೇ ತೆಗೆದುಕೊಳ್ಳಿ. ಹಳೆಯ 1.4ರಲ್ಲಿ ಒತ್ತಕ್ಷರ ಚೂರುಚೂರು. ನೋಡಲಿಕ್ಕೆ ಹಳೇ ಕಾಲದ ಬ್ಯಾಂಕಿನ ಅರ್ಜಿ ಹಾಗಿದೆ, ಮೊದಲ ವಾರ ಕೋಪ ಬರುತ್ತದೆ. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಪಠ್ಯ ಹರಿಯುವ ಹಾಗೆ ಕೊಂಡಿ ಹಾಕುವುದು, ಎಲ್ಲ ಪುಟಕ್ಕೂ ಅಚ್ಚಾಗಿರುವ ಮಾಸ್ಟರ್ ಪೇಜ್‌ನಲ್ಲಿ ಪುಟಸಂಖ್ಯೆ ಇಡುವುದು, ಇಷ್ಟು ಕಲಿತರೆ ಅರ್ಧ ಪತ್ರಿಕೆ ಆದ ಹಾಗೆ. ಸಿಎಂವೈಕೆ, ಬರೀ ಕಪ್ಪಿನ ಪಠ್ಯ, ಫಾಂಟ್ ಸೇರಿಸಿದ ಪಿಡಿಎಫ್ ಎಲ್ಲಾ ಇದೆ. ಸಾಲುಗಳ ಅಂತರ ಮಾತ್ರ ನೀವೇ ಕೊಡಿ. 11 ಪಾಯಿಂಟಿನ ಅಕ್ಷರಕ್ಕೆ ನಾವು 16 ಕೊಟ್ಟೆವು. ಪುಟಕ್ಕೆ ಮೂರು ಕಾಲಂ ಮಾಡಬೇಡಿ. ಕನ್ನಡದ ಉದ್ದ ಪದ ಕಿರಿದಾದ ಕಾಲಮ್ಮಿನಲ್ಲಿ ಎರಡೂ ಬದಿ ಸಮ ಮಾಡಿದರೆ ನಡುವೆ ಹಲ್ಲು ಉದುರಿದ ಬಾಯಿ ಹಾಗೆ ಸಂದಿ ಬೀಳುತ್ತದೆ. ಎರಡು ಕಾಲಂ, ಬಲಬದಿ ಬಿಟ್ಟಂತೆ ಬಿಡುವುದು, ಅದೇ ಚೆಂದ.

ಇನ್‌ಡಿಸೈನ್ ಬಗ್ಗೆ ಚಿಕ್ಕದಾಗಿ: ದುಡ್ಡಿದ್ದರೆ ಅದು ಎಲ್ಲಕ್ಕಿಂತ ಮೇಲು. ಅಲ್ಲೂ ವರ್ಲ್ಡ್-ರೆಡಿ ಕಂಪೋಸರ್ ಆರಿಸುವುದು ಮರೆಯಬೇಡಿ. ಕ್ರೀಟಾ ಚಿತ್ರ ಬರೆಯುವವರಿಗೆ, ನಮ್ಮ ಕೆಲಸಕ್ಕೆ ಬೇಕಿಲ್ಲ.

ಕೋರೆಲ್, ಅಥವಾ ಎಲ್ಲಾ ಪ್ರೆಸ್ಸಿಗೇ ಬಿಡುವುದು

ಇದನ್ನೂ ಒಂದು ಆಯ್ಕೆ ಅಂತಲೇ ಲೆಕ್ಕ ಹಿಡಿಯಿರಿ. ನಮ್ಮೂರಿನ ಪ್ರೆಸ್ಸುಗಳಲ್ಲಿ ನಾನು ಕಂಡದ್ದು ಜಾಸ್ತಿ ಕೋರೆಲ್‌ಡ್ರಾ. ಲಗ್ನಪತ್ರಿಕೆ, ಬ್ಯಾನರ್, ಜಾತ್ರೆ ಕರಪತ್ರ ಎಲ್ಲಾ ಅದರಲ್ಲೇ. ಎರಡು ಮೂರು ಕಡೆ ಪೇಜ್‌ಮೇಕರ್ ಇನ್ನೂ ಉಸಿರಾಡುತ್ತಿದೆ, ಅದರ ಕೊನೆಯ ಆವೃತ್ತಿ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಫೋಟೋ ಮತ್ತು ಪಠ್ಯ ಕೊಟ್ಟರೆ ಪುಟಕ್ಕಿಷ್ಟು ಅಂತ ತೆಗೆದುಕೊಂಡು ಅವರೇ ಕಟ್ಟಿ ಕೊಡುತ್ತಾರೆ. ಆ ಅಣ್ಣನ ಕೈವೇಗ ನೋಡಿದರೆ ನಮಗೆ ಮೌಸ್ ಹಿಡಿಯಲು ನಾಚಿಕೆ ಆಗುತ್ತದೆ. ಹದಿನೈದು ನಿಮಿಷಕ್ಕೊಂದು ಪುಟ.

ಆದರೆ ತಿದ್ದುವಾಗ ಪಕ್ಕದಲ್ಲೇ ಕೂರಬೇಕು. ಅವರಿಗೆ ಮದುವೆ ಸೀಸನ್ ಇದ್ದರೆ ನಿಮ್ಮ ಪತ್ರಿಕೆ ಹಿಂದಕ್ಕೆ. ಪಠ್ಯ ನುಡಿಗೆ ಬದಲಾಗಿರುತ್ತದೆ, ಮತ್ತೆ ಅದೇ ಆಸ್ಕಿ ಕಥೆ. ವಿನ್ಯಾಸ ಲಗ್ನಪತ್ರಿಕೆಯ ಬಳ್ಳಿ ಹೂವಿನ ಕಡೆ ವಾಲಿದರೆ ನಿಲ್ಲಿಸುವ ಧೈರ್ಯ ನಿಮಗೆ ಬೇಕು. ಪರೀಕ್ಷೆ ಹತ್ತಿರ ಇದ್ದು, ಕೈಯಲ್ಲಿ ಹತ್ತು ದಿನ ಮಾತ್ರ ಇದ್ದರೆ ನಾನೇ ಈ ದಾರಿ ಹಿಡಿಯುತ್ತೇನೆ. ಮುಖಪುಟ ಮಾತ್ರ ನೀವೇ ಮಾಡಿ ಕೊಡಿ.

ಯಾವ ದಾರಿ ಹಿಡಿದರೂ ಮೊದಲು ಪ್ರೆಸ್ಸಿಗೆ ಹೋಗಿ ನಾಲ್ಕು ಪ್ರಶ್ನೆ ಕೇಳಿ ಬನ್ನಿ. ಪಿಡಿಎಫ್ ತೆಗೆದುಕೊಳ್ತೀರಾ, ಕೋರೆಲ್ ಫೈಲೇ ಬೇಕಾ? ಕೋರೆಲ್ ಆದರೆ ಅಕ್ಷರವನ್ನು ಕರ್ವ್ ಮಾಡಿ, ಅಂದರೆ ಫಾಂಟ್ ಬೇಕಿಲ್ಲದ ಗೆರೆಚಿತ್ರ ಮಾಡಿ, ತರಬೇಕಾ? ಬ್ಲೀಡ್ ಎಷ್ಟು? ಪುಟಗಳನ್ನು ಬಿಡಿಬಿಡಿಯಾಗಿ ಕೊಡಬೇಕಾ, ಜೋಡಿಸಿ ಕೊಡಬೇಕಾ? ಬಿಡಿಯಾಗಿ ಕೊಡಿ ಅಂತಲೇ ಹೇಳುತ್ತಾರೆ, ಜೋಡಣೆ ಅವರ ಕೆಲಸ. ನೆನಪಿರಲಿ, ನಡುವೆ ಪಿನ್ ಹೊಡೆಯುವ ಪುಸ್ತಕದ ಪುಟ ನಾಲ್ಕರ ಲೆಕ್ಕದಲ್ಲೇ ಇರಬೇಕು. 30 ಪುಟ ಮಾಡಿಕೊಂಡು ಹೋಗಿ ಅಲ್ಲೇ ಎರಡು ಪುಟ ಜಾಹೀರಾತು ಹುಡುಕಿದ ಕಥೆ ಬೇರೆ ಇದೆ.

ಹಾಗಾದರೆ ಯಾವುದು?

ಕಾಲೇಜಿನಲ್ಲಿ ಲೈಸೆನ್ಸ್ ಇರುವ ಫೋಟೋಶಾಪ್ ಇದ್ದರೆ ಫೋಟೋಗೆ ಅದೇ ಬಳಸಿ, ಯೋಚಿಸಬೇಡಿ. ಇಲ್ಲ ಅಂದರೆ ಕ್ರ್ಯಾಕ್ ಹಾಕಬೇಡಿ. ನೀತಿ ಪಾಠ ಹೇಳುತ್ತಿಲ್ಲ. ಮೊದಲ ವರ್ಷ ಯಾರೋ ಕೊಟ್ಟ ಕ್ರ್ಯಾಕ್ ಹಾಕಿದ ಮೇಲೆ ಪೆನ್‌ಡ್ರೈವ್‌ನ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ, ರಂಗಗೀತೆಯ ಎರಡು ಸಂದರ್ಶನದ ಆಡಿಯೋ ಹೋಯಿತು. ಹಾಡಿದವರಲ್ಲಿ ಒಬ್ಬರು ಈಗಿಲ್ಲ.

ಲೈಸೆನ್ಸ್ ಇಲ್ಲದಿದ್ದರೆ ಗಿಂಪ್. 2025ರಲ್ಲಿ ಬಂದ 3.0 ಆವೃತ್ತಿ ನೋಡಿ. ಅದರಲ್ಲಿ ಕರ್ವ್ಸ್, ಬ್ಲರ್ ಇಂಥವನ್ನು ಲೇಯರ್ ಮೇಲೆ ಬಿಟ್ಟಿಟ್ಟು ಆಮೇಲೆ ಬದಲಿಸಬಹುದು. ಮೊದಲು ಒಂದು ಸಲ ಹಾಕಿದರೆ ಹಾಕಿದ್ದೇ ಆಗಿತ್ತು, ನನಗೆ ಅದೇ ದೊಡ್ಡ ಕಿರಿಕಿರಿ. ಪೂರ್ತಿ ಸಿಎಂವೈಕೆಯಲ್ಲಿ ಕೆಲಸ ಮಾಡಲು ಅದರಲ್ಲಿ ಈಗಲೂ ಆಗುವುದಿಲ್ಲ, ಆದರೆ ಪುಟ ಸ್ಕ್ರೈಬಸ್‌ನಲ್ಲಿ ಕಟ್ಟುವವರಿಗೆ ಅದು ಅಷ್ಟು ಕಾಡುವುದಿಲ್ಲ. ಲ್ಯಾಬಿನಲ್ಲಿ ಏನೂ ಇನ್‌ಸ್ಟಾಲ್ ಮಾಡಲು ಬಿಡುವುದಿಲ್ಲ ಅಂದರೆ ಫೋಟೋಪಿಯಾ. ಅದಕ್ಕೆ ಕನ್ನಡ ಫಾಂಟ್ ಫೈಲನ್ನು ಎಳೆದು ಹಾಕಿ, ಆ ನಾಲ್ಕು ಪದದ ಸಾಲು ಟೈಪ್ ಮಾಡಿ ನೋಡಿಯೇ ಮುಂದೆ ಹೋಗಿ. ಪುಟಕ್ಕೆ ಮಾತ್ರ ಸ್ಕ್ರೈಬಸ್ ಇಲ್ಲವೇ ಇನ್‌ಡಿಸೈನ್. ಈ ಮಾತಿನಲ್ಲಿ ನನ್ನದು ರಾಜಿ ಇಲ್ಲ.

ಪ್ರೂಫ್ ಕಾಗದದ ಮೇಲೆ ತೆಗೆಸಿಯೇ ಓದಿ, ಪರದೆ ಮೇಲೆ ಬೇಡ. ದೋಸೆ ಹೋಟೆಲಿನಲ್ಲಿ ಕೂತು ಓದಬೇಡಿ. ನಮ್ಮ ಹದಿನೇಳನೇ ಪುಟದ ಮೇಲೆ ಬೆಣ್ಣೆ ಬಿದ್ದು ಅರ್ಧ ಪುಟ ಪಾರದರ್ಶಕ ಆಗಿತ್ತು. ಪ್ರೆಸ್ಸಿನ ಅಣ್ಣ ಬೆಳಕಿಗೆ ಹಿಡಿದು "ಇದು ಪ್ರೂಫೋ, ಪಾರ್ಸಲ್ಲೋ?" ಅಂದರು.

ಮೂರೂ ಸಂಚಿಕೆಯ ಫೈಲುಗಳು ಲ್ಯಾಬಿನ ಕಿಟಕಿ ಪಕ್ಕದ ಕಂಪ್ಯೂಟರ್‌ನಲ್ಲಿ ಇವೆ. ಮೂರನೆಯದನ್ನು ತೆರೆದು, ಪಠ್ಯ ಅಳಿಸಿ, ನಿಮ್ಮದು ತುಂಬಿಕೊಳ್ಳಿ. ಮಾಸ್ಟರ್ ಪೇಜ್, ಅಕ್ಷರದ ಸ್ಟೈಲ್ ಎಲ್ಲಾ ರೆಡಿ ಇದೆ. ಮೊದಲನೆಯ ಫೋಲ್ಡರ್ ಮಾತ್ರ ಮುಟ್ಟಬೇಡಿ. ಎರಡು ಪುಟ ಒಟ್ಟಿಗೆ ತೆರೆದರೆ ಆ ಕಂಪ್ಯೂಟರ್ ನಿಂತುಬಿಡುತ್ತದೆ, ಆಮೇಲೆ ಲ್ಯಾಬಿನ ಸರ್ ಕೇಳುವುದು ನನ್ನ ಹೆಸರನ್ನೇ.